ಪಿಸ್ತೂಲಿನ ಮೂತಿಯಲ್ಲಿ ಒಂದು ಅಕ್ಷತೆ ಕಾಳು

ಮಹಾನವಮಿಗೆ ಇನ್ನು ನಾಲ್ಕೇ ದಿನ. ಇವತ್ತು ಬೆಳಿಗ್ಗೆ ಕಪಾಟಿನಿಂದ ನನ್ನ ಪಿಸ್ತೂಲನ್ನು ತೆಗೆದು ಒರೆಸುತ್ತ ಕೂತಿದ್ದೆ. ಹಿಡಿಕೆಯ ಗೆರೆಗಳ ಸಂದಿಯಲ್ಲಿ ಒಂದಿಷ್ಟು ಹಳದಿ ಉಳಿದುಬಿಟ್ಟಿದೆ. ಹಳೆಯ ಟೂತ್‌ಬ್ರಷ್ಷಿನಿಂದ ಎಷ್ಟು ಉಜ್ಜಿದರೂ ಜಪ್ಪಯ್ಯ ಅನ್ನುವುದಿಲ್ಲ. ಮೂಗಿನ ಹತ್ತಿರ ತಂದರೆ ಎಣ್ಣೆಯ ವಾಸನೆಯ ಜೊತೆಗೆ ಅರಿಷಿಣದ ವಾಸನೆಯೂ ಬರುತ್ತದೆ. ಒಂದು ವರ್ಷದ ಮೇಲೆ ಅದು ಸಾಧ್ಯವೇ ಎಂದು ಕೇಳಬೇಡಿ. ನನಗೆ ಬರುತ್ತದೆ.

ಪಿಸ್ತೂಲು ಎಂದ ಕೂಡಲೇ ನೀವು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡಿರೇನೋ. ಹೆದರಬೇಡಿ. ನಾನು ಲಂಡನ್ನಿನ ರೇನರ್ಸ್ ಲೇನ್‌ನ ಒಂದು ಔಷಧದ ಅಂಗಡಿಯಲ್ಲಿ ಗುಳಿಗೆ ಕೊಡುವ, ಐವತ್ತು ದಾಟಿದ, ಓದುವ ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಂಡು ಮನೆಯೆಲ್ಲ ಹುಡುಕುವ ಹೆಂಗಸು. ನಿಜವಾದ ಪಿಸ್ತೂಲನ್ನು ಈ ದೇಶದಲ್ಲಿ ನನ್ನಂಥವರ ಕೈಗೆ ಕೊಡುವುದಿಲ್ಲ, ಕೊಡದಿರುವುದೇ ಒಳ್ಳೆಯದು. ನನ್ನದು ಗ್ಯಾಸಿನದು. ಹಿಡಿಕೆಯೊಳಗೆ ಹೆಬ್ಬೆರಳಿನಷ್ಟು ಗ್ಯಾಸಿನ ಬುರುಡೆ ಹಾಕಿದರೆ ಮೆಣಸಿನ ಕಾಳಿನಷ್ಟು ದಪ್ಪದ ಉಕ್ಕಿನ ಗುಂಡು ಹಾರಿಸುತ್ತದೆ. ಆದರೆ ಸೆಮಿ ಆಟೊಮ್ಯಾಟಿಕ್! ಆ ಪದವನ್ನು ಹೇಳುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಐವತ್ತು ತುಂಬಿದ ವರ್ಷ ಮಗಳು ಏನು ಬೇಕು ಎಂದು ಕೇಳಿದಳು. ಸ್ಕಾರ್ಫ್ ಅನ್ನುತ್ತೇನೆ ಎಂದುಕೊಂಡಿದ್ದಳು ಪಾಪ. ಅಂಗಡಿಗೆ ಕರೆದುಕೊಂಡು ಹೋಗಿ ಗಾಜಿನೊಳಗಿದ್ದ ಕರಿಯದನ್ನು ತೋರಿಸಿದೆ. "ಮಮ್, ಆರ್ ಯು ಓಕೆ?" ಎಂದಳು. ನಮ್ಮವರು ಮಾತ್ರ ಅವಳ ಕಿವಿಯಲ್ಲಿ, "ಏನೂ ಅನಬ್ಯಾಡವಾ, ಇನ್ನ ಮ್ಯಾಲೆ ಆಕಿ ಹೇಳಿದ್ದಕ್ಕ ಹೂಂ ಅನ್ನೂದಷ್ಟ" ಎಂದರು.

ಯಾಕೆ ಪಿಸ್ತೂಲು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಧಾರವಾಡದ ಕಾಲೇಜಿನಲ್ಲಿ ನಾನು ಎನ್‌ಸಿಸಿಯಲ್ಲಿದ್ದೆ. ಒಂದು ದಿನ ಗೋಣಿತಟ್ಟಿನ ಮೇಲೆ ಬೋರಲು ಮಲಗಿಸಿ ರೈಫಲ್ ಕೊಟ್ಟರು. ನನ್ನ ಐದೂ ಗುಂಡುಗಳು ಒಂದು ರೂಪಾಯಿ ನಾಣ್ಯದಡಿ ಮುಚ್ಚುವಷ್ಟು ಹತ್ತಿರ ಬಿದ್ದಿದ್ದವು. ಹವಾಲ್ದಾರರು ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ, ನನ್ನನ್ನು ನೋಡಿ, ಮತ್ತೆ ಕಾಗದ ನೋಡಿದರು. ರಾಜ್ಯದ ಕ್ಯಾಂಪಿಗೆ ನನ್ನ ಹೆಸರು ಹೋಯಿತು. ಕ್ಯಾಂಪಿದ್ದ ವಾರವೇ ವರನ ಕಡೆಯವರು ಕನ್ಯೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅವ್ವ ನನ್ನ ಕರಿಯ ಬೂಟುಗಳನ್ನು ಮಂಚದ ಕೆಳಗೆ ತಳ್ಳಿ ಕೈಗೆ ಉಪ್ಪಿಟ್ಟಿನ ತಾಟು ಕೊಟ್ಟಳು. ಆ ತಾಟಿನಿಂದ ಉಪ್ಪಿಟ್ಟು ತಿಂದವರೇ ನಮ್ಮವರು. ಒಳ್ಳೆಯ ಮನುಷ್ಯ, ಎರಡು ಸಲ ಹಾಕಿಸಿಕೊಂಡರು. ಆದರೆ ತಪ್ಪಿಹೋದ ಆ ಕ್ಯಾಂಪು ನನ್ನ ಗಂಟಲಲ್ಲಿ ಮೂವತ್ತು ವರ್ಷ ಹಾಗೇ ಕೂತಿತ್ತು.

ಇರಲಿ. ಪಿಸ್ತೂಲು ಮನೆಗೆ ಬಂದದ್ದು ನವರಾತ್ರಿಯ ಹೊಸ್ತಿಲಲ್ಲಿ. ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ನಮ್ಮ ಜೊತೆಗೇ ಇರುವ ಅತ್ತಿ, ನಮ್ಮವರ ತಾಯಿ. ಆಯುಧ ಪೂಜೆಗೆ ನಮ್ಮ ಕಡೆ ಖಂಡೆ ಪೂಜೆ ಎನ್ನುತ್ತಾರೆ. ಲಂಡನ್ನಿಗೆ ಬಂದ ಮೇಲೆ ನಮ್ಮ ಮನೆಯ ಆಯುಧಗಳೆಂದರೆ ಈಳಿಗೆ, ಕಾರಿನ ಕೀಲಿ, ಮಗಳ ಲ್ಯಾಪ್‌ಟಾಪ್, ಇಷ್ಟೇ.

"ಇಷ್ಟ ವರ್ಷ ಮಿಕ್ಸರಿಗೆ ಕೈ ಮುಗದು ಮುಗದು ಸಾಕಾಗಿತ್ತು ನೋಡು," ಎಂದರು ಅತ್ತಿ. "ಪೂಜಿ ಆಗೂತನಾ ಒಂದ ಗುಂಡೂ ಹಾರಸಬ್ಯಾಡ."

ಹಾರಿಸಲಿಲ್ಲ. ಕಿಂಗ್ಸ್‌ಬರಿಯ ಕಡೆ ಒಂದು ಚರ್ಚಿನ ಹಾಲಿನಲ್ಲಿ ಶೂಟಿಂಗ್ ಕ್ಲಬ್ ಸೇರುತ್ತದೆ. ಹೊಸಬರು ಮೂರು ಸಲ ಬರಬೇಕು. ಮೂರನೆಯ ಸಲ ಐದು ಗುಂಡು ಹೊಡೆಯಬೇಕು, ಐದೂ ಕರಿಯ ವೃತ್ತದೊಳಗೆ ಬಿದ್ದರೆ ಸದಸ್ಯತ್ವ, ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ. ಎರಡು ಸಲ ಅವರದೇ ಹಳೆಯ ಪಿಸ್ತೂಲು ಹಿಡಿದಿದ್ದೆ. ಮೂರನೆಯ ಸಲ ಬಂದದ್ದು ವಿಜಯದಶಮಿಯ ಮಧ್ಯಾಹ್ನ. ಬೀಗದ ಪೆಟ್ಟಿಗೆಯಲ್ಲಿ ನನ್ನ ಸ್ವಂತದ್ದು. ಅಲ್ಲಿಂದ ಒಬ್ಬರ ಮನೆಗೆ ಬನ್ನಿ ಕೊಡಲು ಹೋಗುವುದಿದ್ದುದರಿಂದ ಕಾರಿನಲ್ಲಿ ನಮ್ಮವರೂ ಇದ್ದರು, ಇಳಕಲ್ ಸೀರೆಯ ಮೇಲೆ ಕಾರ್ಡಿಗನ್ ತೊಟ್ಟ ಅತ್ತಿಯೂ ಇದ್ದರು.

ಕ್ಲಬ್ಬಿನ ಮೇಲ್ವಿಚಾರಕರ ಹೆಸರು ರಾನ್. ಮೊದಲು ಬಸ್ಸು ಓಡಿಸುತ್ತಿದ್ದವರು, ಈಗ ನಿವೃತ್ತರು. ಬಸ್ಸು ತಪ್ಪಿಸಿಕೊಂಡವರನ್ನು ನೋಡುವ ಮುಖದಲ್ಲೇ ಎಲ್ಲರನ್ನೂ ನೋಡುತ್ತಾರೆ. ಪೆಟ್ಟಿಗೆ ತೆರೆದೆ. ಹಿಡಿಕೆಗೆ ಮೂರು ಬೊಟ್ಟು ಅರಿಷಿಣ, ಗುರಿ ನೋಡುವ ಮುಳ್ಳಿಗೆ ಕುಂಕುಮ. ರಾನ್ ಒಂದು ಹೆಜ್ಜೆ ಹಿಂದೆ ಸರಿದರು. "ಇದು ರಕ್ತವೇ?" ಎಂದು ಕೇಳಿದರು. ಅಲ್ಲ, ಪ್ರಾರ್ಥನೆ ಎಂದೆ. ಅವರು ಪಿಸ್ತೂಲನ್ನು ಎತ್ತಿ, ನಿಯಮದಂತೆ ಒಳಗೆ ಏನೂ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮೂತಿ ಕೆಳಗೆ ಮಾಡಿ ಮೇಜಿನ ಮೇಲೆ ತಟ್ಟಿದರು. ಟಕ್ಕೆಂದು ಒಂದು ಹಳದಿ ಅಕ್ಕಿಕಾಳು ಬಿತ್ತು.

ಆಗಿದ್ದು ಇಷ್ಟು. ಅತ್ತಿ ದೇವರನ್ನು ನಿಲ್ಲಿಸಿದ ಹಾಗೆ ಪಿಸ್ತೂಲನ್ನು ಮೂತಿ ಮೇಲೆ ಮಾಡಿ ಗೋಡೆಗೆ ಆನಿಸಿ, ಭಕ್ತಿಯಿಂದ ಮುಷ್ಟಿಗಟ್ಟಲೆ ಅಕ್ಷತೆ ಹಾಕಿದ್ದರು. ರಾನ್ ಮತ್ತೆ ತಟ್ಟಿದರು. ಇನ್ನೊಂದು ಕಾಳು.

"ಮೇಡಂ," ಎಂದರು ಅವರು ತಮ್ಮ ಇಂಗ್ಲಿಷಿನಲ್ಲಿ, "ಇಷ್ಟು ವರ್ಷದಲ್ಲಿ ಊಟ ತುಂಬಿದ ಪಿಸ್ತೂಲನ್ನು ನಾನು ನೋಡಿಲ್ಲ."

ಮೂವತ್ತು ವರ್ಷ ಕಾದು, ಕೊನೆಗೆ ಎರಡು ಕಾಳು ಸೋನಾ ಮಸೂರಿಗೆ ಮತ್ತೆ ಕ್ಯಾಂಪು ತಪ್ಪಿತಲ್ಲ ಎನಿಸಿತು. ಗಡಬಡಿಸಿ ಖಂಡೆ ಪೂಜೆಯ ಕಥೆಯನ್ನೆಲ್ಲ ಹೇಳಿದೆ. ದುಡಿಯುವ ಸಾಮಾನಿಗೆ ವರ್ಷಕ್ಕೊಮ್ಮೆ ಹೂವೇರಿಸಿ ಕೈ ಮುಗಿಯುತ್ತೇವೆ, ಕಾರಿಗೂ, ಲಾರಿಗೂ, ಬಸ್ಸಿಗೂ.

"ಬಸ್ಸಿಗೂ?"

"ಬಸ್ಸಿಗಂತೂ ಬಾಳೆಕಂಬ ಕಟ್ಟುತ್ತೇವೆ."

ರಾನ್ ಮೇಜಿನ ಮೇಲಿನ ಕಾಳನ್ನು ಬೆರಳಿನಿಂದ ಹೊರಳಿಸಿದರು. "ಮೂವತ್ತೊಂದು ವರ್ಷ ಓಡಿಸಿದೆ," ಎಂದರು. "ನನ್ನದಕ್ಕೆ ಯಾರೂ ಒಂದು ಹೂವು ಇಡಲಿಲ್ಲ." ಆಮೇಲೆ ತಾವೇ ಉದ್ದನೆಯ ಕಡ್ಡಿಗೆ ಬಟ್ಟೆ ಸುತ್ತಿ ನಳಿಕೆಯನ್ನು ಮೂರು ಸಲ ಒರೆಸಿ, ಅಭ್ಯಾಸಕ್ಕೆ ಕೆಲವು ಗುಂಡು ತುಂಬಿ ಕೈಗೆ ಕೊಟ್ಟರು.

ಅಯ್ಯೋ, ಆ ಮೊದಲ ಗುಂಡು! ಧಾರವಾಡದ ರೈಫಲ್ಲಿಗೆ ಪ್ರತಿ ಸಲ ಬೋಲ್ಟ್ ಎಳೆಯಬೇಕಿತ್ತು. ಇದು ಠಪ್ಪೆನ್ನುತ್ತದೆ, ಮೇಲಿನ ಲೋಹದ ಭಾಗ ಹಿಂದಕ್ಕೆ ಹಾರಿ ಮುಂದಕ್ಕೆ ಬರುತ್ತದೆ, ಅಂಗೈಗೆ ಕಚಗುಳಿ ಇಟ್ಟಂತಾಗುತ್ತದೆ, ಅಷ್ಟರಲ್ಲಿ ಮುಂದಿನ ಗುಂಡು ಸಿದ್ಧ. ಒಂದಕ್ಕೆ ಉತ್ತರ ಕೊಡುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಕೇಳುವ ಬೀಗರ ಹಾಗೆ. ಠಪ್, ಠಪ್, ಠಪ್. ನನಗೆ ನಗು ತಡೆಯಲಾಗಲಿಲ್ಲ. ಗುಂಡು ಮುಗಿದದ್ದೇ ತಿಳಿಯಲಿಲ್ಲ. ಕಾಗದದ ಮೇಲೆ ಒಂದೇ ಒಂದು ತೂತು ಬಿದ್ದಿತ್ತು, ಅದೂ ಮೂಲೆಯಲ್ಲಿ. ಹಿಂದೆ ಕಿವಿಮುಚ್ಚಳ, ರಕ್ಷಣೆಯ ಕನ್ನಡಕ ಹಾಕಿಕೊಂಡು ಕೂತಿದ್ದ ಅತ್ತಿ ಇಡೀ ಹಾಲಿಗೆ ಕೇಳುವಂತೆ, "ಗಡಬಡಿ ಮಾಡಬ್ಯಾಡ! ನಿಂದರು, ಉಸರ ತಗೋ!" ಎಂದು ಕೂಗಿದರು.

ಉಸಿರು ತೆಗೆದುಕೊಂಡೆ. ಪರೀಕ್ಷೆಯ ಐದು ಗುಂಡುಗಳನ್ನು ಒಂದೊಂದಾಗಿ ಬಿಟ್ಟೆ. ನಾಲ್ಕು ಕರಿಯದರೊಳಗೆ. ಐದನೆಯದು ಅಂಚಿನಲ್ಲಿ. ರಾನ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಗೆರೆ ಮುಟ್ಟಿದೆ," ಎಂದರು ಕೊನೆಗೆ. "ಮುಟ್ಟಿದರೆ ಒಳಗೆ." ಆ ಹಾಲಿನಲ್ಲಿ ನಾನು ಕುಣಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಾರಿನಲ್ಲಿ ನಮ್ಮವರು, "ಇದೆಲ್ಲ ನೀ ಎಲ್ಲೆ ಕಲತಿ?" ಎಂದು ಕೇಳಿದರು. ಗೆದ್ದ ಅಮಲಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಕ್ಯಾಂಪು, ಬೂಟು, ಉಪ್ಪಿಟ್ಟು. ಅವರು ಸಿಗ್ನಲ್ ಹಸಿರಾದರೂ ಕಾರು ಬಿಡಲಿಲ್ಲ. ಹಿಂದಿನ ಸೀಟಿನಿಂದ ಅತ್ತಿ ಮೆಲ್ಲಗೆ ಹೇಳಿದರು:

"ಕನ್ಯಾ ನೋಡೂ ದಿನಾ ಗೊತ್ತ ಮಾಡಿದಾಕಿ ನಾನ. ಯಾರೂ ನಮಗ ಹೇಳಲೇ ಇಲ್ಲಲ್ಲವಾ. ಹೇಳಿದ್ರ ಮುಂದಿನ ವಾರ ಬರ್ತಿದ್ವಿ. ನಮಗೇನ ಅವಸರ ಇತ್ತು? ಇವನ್ನ ಯಾರ ಓಡಿಸಿಕೊಂಡ ಹೋಗಾವ್ರಿದ್ರು?"

ಮೂವತ್ತು ವರ್ಷದಿಂದ ನಾನು ಮನಸ್ಸಿನಲ್ಲಿ ಬೈಯುತ್ತಿದ್ದವರು ಇಷ್ಟು ಸುಲಭವಾಗಿ ಕಾಯಲು ತಯಾರಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಈ ವರ್ಷ ಮಹಾನವಮಿಯ ದಿನವೇ ಸಟನ್ ಕಡೆಯ ಒಂದು ಕ್ಲಬ್ಬಿನ ಮೇಲೆ ನಮ್ಮ ಪಂದ್ಯ. ಮನೆಗೆ ಹೋಳಿಗೆ ಊಟಕ್ಕೆ ಹನ್ನೆರಡು ಮಂದಿ. ಸುಮ್ಮನೆ ಪಂದ್ಯ ಬಿಟ್ಟುಬಿಡೋಣ ಎಂದುಕೊಂಡವಳು ಮೊನ್ನೆ ಸೌಟು ಹಿಡಿದುಕೊಂಡೇ, "ಅತ್ತಿ, ಅವತ್ತ ನನಗ ಪಂದ್ಯ ಐತಿ. ಹೋಗಬೇಕಂತ ಭಾಳ ಅನಸ್ತೈತ್ರಿ" ಎಂದುಬಿಟ್ಟೆ. ಅವರು ನನ್ನ ಕೈಯಿಂದ ಸೌಟು ತೆಗೆದುಕೊಂಡು ಸಾರು ತಿರುವಿದರು.

ಇವತ್ತು ಬೆಳಿಗ್ಗೆ ನಾನು ಹಳದಿ ಉಜ್ಜುತ್ತಿರುವಾಗ ಅತ್ತಿ ಬಂದು ಪಕ್ಕದಲ್ಲಿ ಕೂತರು. ಪಿಸ್ತೂಲಿನ ಮೂತಿಗೆ ಒಂದು ಚೂರು ಟೇಪು ಅಂಟಿಸಿದರು, ಅಕ್ಷತೆಯ ಮುಂಜಾಗ್ರತೆ.

"ಪೂಜಿ ನಸಕಿನ್ಯಾಗ ಮುಗಸೂಣು," ಎಂದರು. "ಊಟದ ಮಂದಿಗೆಲ್ಲಾ ಫೋನ್ ಮಾಡೇನಿ, ಮುಂದಿನ ವಾರ ಬರ್ರಿ ಅಂತ."

ನಾನು ಬ್ರಷ್ ಕೆಳಗಿಟ್ಟೆ. "ಯಾಕಂತ ಕೇಳಲಿಲ್ಲೇನ್ರಿ?"

"ಕೇಳಿದ್ರು. ನಮ್ಮ ಸೊಸಿದು ಕ್ಯಾಂಪ್ ಐತಿ ಅಂದೆ."