ಶಹಾತರ ಪಾಯಸದ ಕಾಲಂ

ಬೆಳಗಿನ ನಮಾಜು ಮುಗಿದಿದೆ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೈಲ್ ನದಿ ಕವಲೊಡೆಯುವ ಬಯಲಿನ ಈ ಸರ್ಕಾರಿ ಆಸ್ಪತ್ರೆಯಲ್ಲಿ, ಮೂತ್ರರೋಗ ವಿಭಾಗದ ಕಿಟಕಿಯ ಮುಂದೆ ಆಗಲೇ ಮೂವತ್ತು ಗಂಡಸರು. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಒಳಗೆ ಗುಮಾಸ್ತ ಶಹಾತ, ಅರ್ಧ ತಿಂದ ರೊಟ್ಟಿಯನ್ನು ಪಕ್ಕಕ್ಕಿಟ್ಟು ಹೊಸ ರೋಗಿಗಳ ರಿಜಿಸ್ಟರ್ ಬಿಚ್ಚುತ್ತಾರೆ.

“ಏನ್ ತೊಂದ್ರೆ, ಹಾಜಿ?”

“ಬೆನ್ನುನೋವು,” ಎಂದು ಗೊಣಗುತ್ತಾರೆ ಎದುರು ನಿಂತ ಮುತವಲ್ಲಿ ಎಂಬ ಹಿರಿಯರು.

“ಬೆನ್ನಿನ ಡಾಕ್ಟ್ರು ಆಚೆ ಕಟ್ಟಡದಲ್ಲಿದಾರೆ. ಇಲ್ಲಿಗ್ಯಾಕೆ ಬಂದ್ರಿ, ನನ್ನ ಮುಖ ನೋಡೋಕಾ?” ಸಾಲಿನಲ್ಲಿ ನಗು. ಶಹಾತ ದನಿ ತಗ್ಗಿಸುತ್ತಾರೆ. “ಹೋಗ್ಲಿ ಬಿಡಿ. ಚಿಕ್ಕವರಿದ್ದಾಗ ನಿಮ್ಮನೇಲಿ ಪಾಯಸ ಹಂಚಿದ್ರಾ?”

ಮುತವಲ್ಲಿಯ ಮುಖ ಅರಳುತ್ತದೆ. “ಹಂಚದೆ ಇರ್ತಾರಾ? ಇಡೀ ಕೇರಿಗೆ!”

ಶಹಾತ ಕೊನೆಯ ಕಾಲಂನಲ್ಲಿ ‘ಹೌದು’ ಎಂದು ಬರೆಯುತ್ತಾರೆ. ಅಚ್ಚಾದ ಪುಟದಲ್ಲಿ ಆ ಕಾಲಂ ಇಲ್ಲ. ಅದು ಅವರೇ ಸ್ಕೇಲಿಟ್ಟು ಎಳೆದದ್ದು. ಕಾಲುವೆಯಲ್ಲಿ ಈಜಿದ ಹುಡುಗರ ಮೈಗೆ ಹುಳ ಹೊಕ್ಕು ಮೂತ್ರದಲ್ಲಿ ರಕ್ತ ಬಂದರೆ, ಮಗ ಗಂಡಸಾದನೆಂದು ಹಿರಿಯರು ಅಕ್ಕಿ ಪಾಯಸ ಹಂಚುತ್ತಿದ್ದ ಕಾಲವದು. ನಲವತ್ತು ವರ್ಷದ ಮೇಲೆ ಅಂಥವರ ಮೂತ್ರಕೋಶದಲ್ಲೇ ಕ್ಯಾನ್ಸರ್ ಗಂಟು. ‘ಹೌದು’ ಎಂದಿದ್ದರೆ ವೈದ್ಯರು ಮೊದಲು ಅದನ್ನೇ ಹುಡುಕುತ್ತಾರೆ.

ದಿನಕ್ಕೆ ನಲವತ್ತು ಹೊಸಬರು. ಬೇಸಿಗೆಯಲ್ಲಿ ಇಟ್ಟಿಗೆ ಗೂಡಿನವರು ಮೂತ್ರಪಿಂಡದಲ್ಲಿ ಕಲ್ಲು ಹೊತ್ತು ಬರುತ್ತಾರೆ, ಚಳಿಯಲ್ಲಿ ಮೂತ್ರ ಕಟ್ಟಿದ ಮುದುಕರು. ರಕ್ತಕ್ಕೆ ಮಾತ್ರ ಋತುವಿಲ್ಲ. ಶಹಾತರ ರಿಜಿಸ್ಟರಿನ ಈ ಲೆಕ್ಕವನ್ನೇ ಹಿಡಿದು ದೊಡ್ಡ ವೈದ್ಯರು ಸಮ್ಮೇಳನದಲ್ಲಿ ಪ್ರಬಂಧ ಓದಿದರು. ಅದರ ಕೊನೆಯ ಕೃತಜ್ಞತೆಯ ಸಾಲಿನಲ್ಲಿ, ಊಟ ಹಾಕಿಸಿದ ಔಷಧ ಕಂಪನಿಯ ಹೆಸರಿತ್ತು, ಶಹಾತರದ್ದಿರಲಿಲ್ಲ.

“ನಮ್ಮಣ್ಣ ಬದಾವಿಗೆ ರಕ್ತ ಬಂದಾಗ ಪಾಯಸ ಹಂಚಿದ್ರು. ನಂಗೆ ರಕ್ತ ಬರ್ಲಿಲ್ಲ, ಹುಡುಗಿ ಅಂತ ರೇಗಿಸೋರು. ಹೊಟ್ಟೆಕಿಚ್ಚಿಗೆ ದಿನಾ ಕಾಲುವೆಗೆ ಬೀಳ್ತಿದ್ದೆ,” ಎನ್ನುತ್ತಾರೆ ಶಹಾತ. ಹತ್ತೊಂಬತ್ತು ವರ್ಷದ ಹಿಂದೆ ಅದೇ ಅಣ್ಣ ಈ ಕಿಟಕಿಗೆ ಬಂದರು. ಹಿಂದೆ ಊರಿನವರ ಸಾಲು. ಬೆನ್ನುನೋವು ಅಂದರು.

“ಅದು ಬೆನ್ನುನೋವಲ್ಲ ಅಂತ ನಂಗೆ ಗೊತ್ತಿತ್ತು ರೀ. ದೊಡ್ಡವನ ಹತ್ರ ರಕ್ತದ ವಿಷ್ಯ ಹೇಗೆ ಎತ್ಲಿ ಅಂತ ಬಾಯಿ ಮುಚ್ಕೊಂಡೆ. ಈ ಕೈಯಲ್ಲೇ ಬೆನ್ನುನೋವು ಅಂತ ಬರೆದೆ.” ಬದಾವಿ ಎಂಟು ತಿಂಗಳು ಮೂಳೆ ವೈದ್ಯರ ಗುಳಿಗೆ ನುಂಗಿದರು. ತಿರುಗಿ ಇಲ್ಲಿಗೆ ಬರುವಷ್ಟರಲ್ಲಿ ಗಂಟು ಕೊಯ್ದು ತೆಗೆಯುವ ಹಂತ ದಾಟಿತ್ತು. ಅವರನ್ನು ಮಣ್ಣು ಮಾಡಿ ಬಂದ ವಾರವೇ ಶಹಾತ ಆ ಗೆರೆ ಎಳೆದರು.

ಬರುವ ಶನಿವಾರದಿಂದ ಕಿಟಕಿಯಲ್ಲಿ ಕಂಪ್ಯೂಟರ್. ಅದರಲ್ಲಿ ಹೆಸರು, ವಯಸ್ಸು, ದೂರು, ಅಷ್ಟೆ. ಪಾಯಸಕ್ಕೂ ಒಂದು ಜಾಗ ಕೊಡಿ ಎಂದು ಶಹಾತ ಮೂರು ಸಲ ಮೇಲಧಿಕಾರಿಯ ಕೋಣೆಗೆ ಹೋಗಿದ್ದಾರೆ. “ಇದೇನು ಆಸ್ಪತ್ರೆಯೋ ಮಿಠಾಯಿ ಅಂಗಡಿಯೋ?” ಎಂದು ಅಲ್ಲಿ ನಕ್ಕರಂತೆ. ನಗುವುದು ಸುಲಭ, ಅವರ ಮನೆಯವರು ಈ ಸಾಲಿನಲ್ಲಿ ನಿಲ್ಲುವುದಿಲ್ಲ.

ನಿಮಗೇನು ಬೇಕೆಂದು ಕೇಳಿದರೆ ಶಹಾತ ಪೆನ್ನಿನ ಮುಚ್ಚಳ ಹಾಕುತ್ತಾರೆ.

“ಹಾರ ತುರಾಯಿ ಏನೂ ಬೇಡ. ಒಂದು ಕಾಲಂಗೆ ಜಾಗ ಬಿಟ್ರೆ ಸಾಕು. ಇಲ್ಲಾಂದ್ರೆ ಶನಿವಾರದಿಂದ ನಮ್ಮಣ್ಣ ದಿನಾ ಈ ಕಿಟಕಿಗೆ ಬರ್ತಾನೆ, ದಿನಾ ಬೆನ್ನುನೋವು ಅಂತಾನೆ, ನಾನು ಅದನ್ನೇ ಬರ್ಕೋತೀನಿ.”