ಗುಬ್ಬಿಗೆ ಬೇಕಿದ್ದ ಒಂದು ಪಾಯಿಂಟು

ತುಮಕೂರಿನ ಫುಟ್‌ಬಾಲ್ ಲೀಗಿಗೆ ನಿಯಮಗಳನ್ನು ಬರೆದು ಟೈಪ್ ಮಾಡಿದವನು ನಾನೇ. ಅದಕ್ಕೆ ಮುಂಚೆ ನಿಯಮ ಇರಲಿಲ್ಲ ಎಂದಲ್ಲ, ಎಲ್ಲರ ಬಾಯಲ್ಲಿತ್ತು. ತುಮಕೂರಿನ ಆರು ತಂಡ, ಕುಣಿಗಲ್ಲಿನದೊಂದು, ಗುಬ್ಬಿಯ ನಮ್ಮದೊಂದು. ಹೊಸ ಮುಖ ಮೈದಾನಕ್ಕಿಳಿದರೆ ರೆಫ್ರಿ, ಇವನು ಯಾರ ಕಡೆಯವನು ಎಂದು ಕೇಳುತ್ತಿದ್ದರು. ಆ ಊರಿನ ಹಿರಿಯರೊಬ್ಬರು ಮುಂದೆ ಬಂದು "ನಮ್ಮೋನೇ ಸಾರ್" ಎಂದರೆ ಮುಗಿಯಿತು. ಅದರ ಮೇಲೆ ಯಾರೂ ಕೇಳುತ್ತಿರಲಿಲ್ಲ. ಸುಳ್ಳು ಹೇಳಿದವರು ಮುಂದಿನ ಭಾನುವಾರ ಅದೇ ಮೈದಾನಕ್ಕೆ ಅದೇ ಮುಖ ಹೊತ್ತು ಬರಬೇಕಿತ್ತಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಬಿ.ಕಾಂ. ಪಾಸಾದೆ. ಅಕೌಂಟೆನ್ಸಿ ಪೇಪರು ಎರಡು ಸಲ ಹೋಗಿ ಮೂರನೇ ಸಲಕ್ಕೆ ಬಂತು. ನಮ್ಮಪ್ಪ ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿಯುತ್ತಿದ್ದರು. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ, ಹಾಗಾಗಿ ಡಿಗ್ರಿ ಬಂದ ಮೇಲೆ ನಾನು ಸ್ವಲ್ಪ ಎದೆ ಎತ್ತಿಯೇ ನಡೆಯುತ್ತಿದ್ದೆ. ಈಗಲೂ ಅದಕ್ಕೆ ನಾಚಿಕೆಯಿಲ್ಲ. ಹಿರೇಹಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಗುಮಾಸ್ತನ ಕೆಲಸ ಸಿಕ್ಕಿತು. ಫುಟ್‌ಬಾಲ್ ಆಡಲು ನನಗೆ ಬರುತ್ತಿರಲಿಲ್ಲ. ಆದರೆ ಹುಚ್ಚಿತ್ತು. ಅರ್ಜಿ ಬರೆಯಲು ಬರುತ್ತದೆಂದು ಗುಬ್ಬಿ ತಂಡಕ್ಕೆ ನನ್ನನ್ನೇ ಮ್ಯಾನೇಜರ್ ಮಾಡಿದರು.

ಲೀಗಿನ ಸಮಿತಿ ತುಮಕೂರಿನ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯ ಮೇಲೆ ಸೇರುತ್ತಿತ್ತು. ಅಲ್ಲಿದ್ದ ಡಿಗ್ರಿಯವನು ನಾನೊಬ್ಬನೇ, ಆದ್ದರಿಂದ ನಿಯಮ ಬರೆಯುವ ಕೆಲಸ ನನ್ನ ಕೈಗೆ ಬಂತು. ನಾಲ್ಕನೇ ನಿಯಮ ನನಗೆ ಬಹಳ ಇಷ್ಟವಾದದ್ದು: ಆಟಗಾರ ಜಿಲ್ಲೆಯಲ್ಲಿ ವಾಸವಿರಬೇಕು ಇಲ್ಲವೇ ಕೆಲಸದಲ್ಲಿರಬೇಕು, ರೇಷನ್ ಕಾರ್ಡನ್ನೋ ಕೆಲಸ ಕೊಟ್ಟವರ ಪತ್ರವನ್ನೋ ತೋರಿಸಬೇಕು. ಇನ್ನು ಮೇಲೆ ಬಾಯಿಮಾತಿಲ್ಲ, ಎಲ್ಲ ಕಾಗದದಲ್ಲಿ. ಸಮಿತಿಯವರು ಭೇಷ್ ಅಂದರು.

ಆ ನಿಯಮಕ್ಕೆ ಮೊದಲು ಸಿಕ್ಕಿಬಿದ್ದವನು ನಮ್ಮ ಸೆಂಟರ್ ಫಾರ್ವರ್ಡ್. ಪಾವಗಡದ ಕಡೆಯಿಂದ ಬಂದು ಅಪ್ಪ ಕೆಲಸ ಮಾಡುತ್ತಿದ್ದ ಮಂಡಿಯಲ್ಲೇ ಕಾಯಿ ಸುಲಿಯುತ್ತ, ಅಲ್ಲೇ ಅಟ್ಟದಲ್ಲಿ ಮಲಗುತ್ತಿದ್ದವನು. ರೇಷನ್ ಕಾರ್ಡು ಊರಲ್ಲಿ ಅಣ್ಣನ ಹತ್ತಿರವಿತ್ತು, ಅದರಲ್ಲಿ ಇವನ ಹೆಸರು ಹೊಡೆದುಹಾಕಿದ್ದರು. ಪತ್ರ ಕೊಡಿ ಎಂದರೆ ಮಂಡಿ ಯಜಮಾನರು ಒಪ್ಪಲಿಲ್ಲ. ಬರೆದುಕೊಟ್ಟರೆ ಲೇಬರ್ ಆಫೀಸಿನವರು ಬಂದು ಕೂರುತ್ತಾರೆಂದು ಅವರಿಗೆ ಭಯ. ಹೀಗೆ ಗುಬ್ಬಿಯ ಅತ್ಯುತ್ತಮ ಆಟಗಾರ ಗುಬ್ಬಿಯ ಮ್ಯಾನೇಜರ್ ಬರೆದ ನಿಯಮದಿಂದಲೇ ಹೊರಗೆ ಕೂತ. ನಮ್ಮ ಕ್ಯಾಪ್ಟನ್ ಬಸ್ ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿದ್ದವನು, ಎಲ್ಲರಿಗೂ ಅವನು ಭಾಯ್. ಅವತ್ತಿನಿಂದ ಅವನು ನನ್ನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು ಬಿ.ಕಾಂ. ಅನ್ನತೊಡಗಿದ.

ಮುಂದಿನ ಸೀಸನ್ನಿಗೆ ಬೆಂಗಳೂರಿನಿಂದ ಒಂದು ಪತ್ರ ಬಂತು. ಸಂಬಳ ಕೊಟ್ಟು ಆಟಗಾರರನ್ನು ಸಾಕುವ ಒಂದು ಕಂಪನಿ ಕ್ಲಬ್ಬು ತನ್ನ ಎರಡನೇ ತಂಡವನ್ನು ನಮ್ಮ ಲೀಗಿಗೆ ಸೇರಿಸಿಕೊಳ್ಳಿ ಎಂದು ಕೇಳಿತ್ತು. ಆ ಕಂಪನಿಯ ಒಂದು ಘಟಕ ಹಿರೇಹಳ್ಳಿಯಲ್ಲಿತ್ತು. ಆಟಗಾರರೆಲ್ಲ ಅಲ್ಲಿಯ ನೌಕರರೆಂದು ಒಬ್ಬೊಬ್ಬರಿಗೂ ಒಂದೊಂದು ಪತ್ರ, ಸೀಲು, ಸಹಿ. ಅವರಲ್ಲಿ ಒಬ್ಬನೂ ಹಿರೇಹಳ್ಳಿಯ ಗೇಟು ದಾಟಿದ್ದನ್ನು ನಾನು ನೋಡಿರಲಿಲ್ಲ. ನಾನು ಅದೇ ರಸ್ತೆಯಲ್ಲಿ ದಿನಾ ಸೈಕಲ್ಲು ತುಳಿಯುತ್ತಿದ್ದೆ. ಆದರೆ ನಾಲ್ಕನೇ ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತು.

ಮಹಡಿಯ ಮೇಲೆ ದೊಡ್ಡ ಜಗಳವಾಯಿತು. ಬೆಳಿಗ್ಗೆ ಸಂಜೆ ಪ್ರಾಕ್ಟೀಸು ಮಾಡುವುದೇ ಕೆಲಸವಾದವರ ಮುಂದೆ ವಾರವಿಡೀ ಗಾರೆ ಕಲಸಿ ಬರುವವರು ಏನು ಆಡುತ್ತಾರೆ ಎಂದು ತುಮಕೂರಿನವರು ಕೂಗಾಡಿದರು. ಪರವಾಗಿ ಮಾತಾಡಿದವರು ಇಬ್ಬರೇ. ಒಬ್ಬರು ಕುಣಿಗಲ್ಲಿನ ಮ್ಯಾನೇಜರು, ಅಲ್ಲಿಯ ತಾಲ್ಲೂಕು ಕಚೇರಿಯ ಮುಂದೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ ಹಿರಿಯರು. ನಮ್ಮ ಹುಡುಗರು ಒಳ್ಳೆಯ ಆಟವನ್ನು ಹತ್ತಿರದಿಂದ ನೋಡುವುದು ಇನ್ನು ಯಾವಾಗ ಎಂದು ಅವರು ಕೇಳಿದರು. ಇನ್ನೊಬ್ಬ ನಾನು. ನನ್ನ ನಿಯಮವನ್ನು ನಾನೇ ಬಿಟ್ಟುಕೊಡುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ಪೇಪರಿನಲ್ಲಿ ಹೆಸರು ಬರುವಂಥ ಕ್ಲಬ್ಬಿನವರು ನಮ್ಮ ಕೆಂಪು ಮಣ್ಣಿನ ಮೇಲೆ ಆಡುತ್ತಾರೆಂದು ನೆನೆಸಿಕೊಂಡೇ ನನಗೆ ಮೈ ಜುಮ್ಮೆನ್ನುತ್ತಿತ್ತು.

ಕಾಗದವೆಲ್ಲ ಸರಿಯಿದ್ದುದರಿಂದ ಕೊನೆಗೆ ಒಪ್ಪಿದರು. ಒಂದೇ ಷರತ್ತು. ಎಂಟಕ್ಕಿಂತ ಹೆಚ್ಚು ತಂಡಗಳಿಗೆ ಮೈದಾನ ಸಿಗುವುದಿಲ್ಲ, ಈ ಒಂದು ವರ್ಷ ಹೇಗೋ ಒಂಬತ್ತು ಆಡಲಿ, ಆಮೇಲೆ ಕೊನೆಯಲ್ಲಿ ನಿಂತವರು ಹೊರಗೆ. ಹೊರಗೆ ಎಂದರೆ ಹೊರಗೇ. ಕೆಳಗೆ ಇನ್ನೊಂದು ಲೀಗು ಇರಲಿಲ್ಲ. ಆ ಊರಿಗೆ ತಂಡವೇ ಇರುವುದಿಲ್ಲ.

ಆ ಸೀಸನ್ನಿನಲ್ಲಿ ಜನ ಸೇರಿದ ಹಾಗೆ ಮತ್ತೆಂದೂ ಸೇರಲಿಲ್ಲ. ಕಂಪನಿಯವರು ವ್ಯಾನಿನಿಂದ ಇಳಿದು ಒಂದೇ ಬಣ್ಣದ ಕಾಲುಚೀಲ ಹಾಕಿಕೊಂಡು ಮೈ ಬಿಸಿ ಮಾಡಿಕೊಳ್ಳುವುದನ್ನು ನೋಡಲೇ ಸಿಮೆಂಟು ಮೆಟ್ಟಿಲು ತುಂಬಿಹೋಗುತ್ತಿತ್ತು. ಒಂದೊಂದು ಭಾನುವಾರ ಒಂದೊಂದು ತಂಡಕ್ಕೆ ಬಡಿದರು. ಕುಣಿಗಲ್ಲಿನ ಮೇಲೆ ಆಡಿದ ದಿನವಂತೂ ಅವರ ದೊಡ್ಡ ತಂಡದವರೇ ಮೂರು ಜನ ಬಂದಿದ್ದರು, ಗಾಯ ವಾಸಿಯಾದ ಮೇಲೆ ಒಂದು ಆಟ ಆಡಿ ನೋಡಲು. ಒಂಬತ್ತು ಸೊನ್ನೆ. ನಾನು ಅವತ್ತು ಚಪ್ಪಾಳೆ ತಟ್ಟಿ ತಟ್ಟಿ ಕೈ ಕೆಂಪು ಮಾಡಿಕೊಂಡೆ. ಕುಣಿಗಲ್ಲಿನ ಆ ಹಿರಿಯರು ಸುಮ್ಮನೆ ನೋಡುತ್ತ ನಿಂತಿದ್ದರು.

ಕೊನೆಯ ವಾರ ಹೀಗಿತ್ತು ಸ್ಥಿತಿ: ಕುಣಿಗಲ್ಲು ಎಲ್ಲ ಪಂದ್ಯ ಮುಗಿಸಿ ಐದು ಪಾಯಿಂಟಿನಲ್ಲಿತ್ತು. ನಮಗೆ ನಾಲ್ಕು, ಉಳಿದದ್ದು ಕಂಪನಿ ತಂಡದ ಜೊತೆಗಿನ ಪಂದ್ಯವೊಂದೇ. ಸೋತರೆ ನಾವು ಹೊರಗೆ. ಡ್ರಾ ಆದರೆ ಇಬ್ಬರಿಗೂ ಐದೈದು, ಆ ಒಂಬತ್ತು ಗೋಲು ತಿಂದದ್ದರಿಂದ ಗೋಲಿನ ವ್ಯತ್ಯಾಸದಲ್ಲಿ ಕುಣಿಗಲ್ಲು ನಮಗಿಂತ ಕೆಳಗೆ. ಅಂದರೆ ನಮಗೆ ಒಂದು ಪಾಯಿಂಟು ಸಾಕಿತ್ತು.

ಭಾನುವಾರ ಬಸ್ಸಿನಲ್ಲಿ ಭಾಯ್ ಆ ಸೆಂಟರ್ ಫಾರ್ವರ್ಡನ್ನೂ ಹತ್ತಿಸಿಕೊಂಡೇ ಬಂದ. ಸುಮ್ಮನೆ ನೋಡಲು ಕರೆತಂದಿದ್ದಾನೆ ಅಂದುಕೊಂಡೆ. ಮೈದಾನದಲ್ಲಿ ಭಾಯ್ ತನ್ನ ಚೀಲದಿಂದ ವೆಲ್ಡಿಂಗ್ ಅಂಗಡಿಯ ಬಿಲ್ ಬುಕ್ಕನ್ನೂ ರಬ್ಬರ್ ಸ್ಟಾಂಪನ್ನೂ ತೆಗೆದು ನನ್ನ ತೊಡೆಯ ಮೇಲಿಟ್ಟ.

"ಬರಿ ಬಿ.ಕಾಂ., ಇಂಗ್ಲೀಷಲ್ಲೇ ಬರಿ. ಇವ್ನು ನಮ್ಮಂಗ್ಡೀಲಿ ಕೆಲ್ಸಕ್ಕವ್ನೆ ಅಂತ."

"ಯಾವಾಗಿಂದ?"

"ಈಗಿಂದ. ಏನ್ಲಾ, ಬಾಲಿನ ಚೀಲ ಎತ್ಕೊಳ್ಳಲಾ. ನೋಡು, ಕೆಲ್ಸ ಶುರು ಮಾಡ್ದ."

ಫಾರ್ವರ್ಡ್ ನಿಜವಾಗಿಯೂ ಚೀಲ ಹೆಗಲಿಗೇರಿಸಿ ನಿಂತ. ಉಳಿದವರು ಬಿದ್ದು ಬಿದ್ದು ನಕ್ಕರು. ನಾನು ಬರೆದೆ. ಬಿಲ್ಲಿನ ಹಿಂಬದಿಯಲ್ಲಿ, ನನಗೆ ಗೊತ್ತಿದ್ದ ಅತ್ಯಂತ ಗಂಭೀರವಾದ ಇಂಗ್ಲಿಷಿನಲ್ಲಿ. ರೆಫ್ರಿ ನಿವೃತ್ತ ಡ್ರಿಲ್ ಮೇಷ್ಟ್ರು. ಅವರು ಹಾಳೆ ತಿರುಗಿಸಿ ನೋಡಿದರು, ಮುಂಬದಿಯಲ್ಲಿ ಯಾರದೋ ಕಿಟಕಿಯ ಅಳತೆ ಇತ್ತು. ಕಂಪನಿ ತಂಡದ ಕೋಚನ್ನು ಕರೆದು ತೋರಿಸಿದರು. ಕೋಚ್ ಓದಿ, ನಮ್ಮ ಫಾರ್ವರ್ಡಿನ ಹೆಗಲ ಮೇಲಿದ್ದ ಚೀಲ ನೋಡಿ, ನಕ್ಕುಬಿಟ್ಟರು. "ನಮ್ದೂ ಹಿಂಗೇ ಅಲ್ವಾ ಸಾರ್. ಆಡ್ಲಿ ಬಿಡಿ."

ಆ ತೊಂಬತ್ತು ನಿಮಿಷ ನನಗೆ ಈಗಲೂ ಬಿಡಿಬಿಡಿಯಾಗಿ ನೆನಪಿದೆ. ಭಾಯ್ ಎಂಟು ಜನರನ್ನು ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲಿಸಿದ. ಗೋಲು ಕಾಯುವ ನಮ್ಮ ಗೋಲಿ ಹಾಸಿಗೆ ಹೊಲಿಯುವವನು, ಅವತ್ತು ಅವನ ಕೈಗೆ ಬಾಲು ಹತ್ತಿ ಮೂಟೆಯ ಹಾಗೆ ಬಂದು ಕೂರುತ್ತಿತ್ತು. ಅರ್ಧ ಹೊತ್ತಿಗೆ ಸೊನ್ನೆ ಸೊನ್ನೆ. ನನಗೆ ಕೂರಲಾಗಲಿಲ್ಲ. ನೀರಿನ ಕೊಡ ಎಲ್ಲಿಟ್ಟೆ ಎಂಬುದೇ ಮರೆತು ಗೆರೆಯ ಪಕ್ಕ ಆ ಕಡೆ ಈ ಕಡೆ ಓಡುತ್ತಿದ್ದೆ. ಎರಡನೇ ಅರ್ಧ ಶುರುವಾಗುತ್ತಿದ್ದಂತೆ ಒಂದು ಕಾರ್ನರ್ ಕಿಕ್ಕು, ಒಂದು ಹೆಡ್ಡು, ಅವರು ಮುಂದೆ. ಮೆಟ್ಟಿಲಿನ ಮೇಲೆ ಕುಣಿಗಲ್ಲಿನವರೆಲ್ಲ ಎದ್ದು ನಿಂತರು. ಅವರೂ ಪೂರಾ ತಂಡವೇ ಬಂದಿತ್ತು, ನಾವು ಸೋಲುವುದನ್ನು ನೋಡಲು. ಅದರಲ್ಲಿ ತಪ್ಪೇನಿದೆ?

ಇನ್ನು ಆರೇಳು ನಿಮಿಷವಿದ್ದಾಗ ಭಾಯ್ ತನ್ನ ಗೋಡೆ ಬಿಟ್ಟು ಮುಂದಕ್ಕೆ ಓಡಿದ. ನಾನು ಬೇಡ ಬೇಡ ಎಂದು ಕೂಗುತ್ತಿದ್ದೆ. ಅರ್ಧ ಮೈದಾನದಿಂದ ಒಂದು ಉದ್ದನೆಯ ಒದೆ. ಬಾಲು ಪುಟಿದು ಎದ್ದಲ್ಲಿ ನಮ್ಮ ಫಾರ್ವರ್ಡ್ ಇದ್ದ. ಕಾಲಲ್ಲಿ ಯಾರದೋ ದೊಡ್ಡ ಬೂಟು, ಒಂದು ಆಗಲೇ ಕಳಚಿಬಿದ್ದಿತ್ತು. ಇಬ್ಬರ ನಡುವೆ ಹೆಗಲು ತೂರಿಸಿ, ಬೂಟಿಲ್ಲದ ಎಡಗಾಲಿನಲ್ಲಿ, ನೆಲದ ಮೇಲೇ ಹರಿಸಿದ. ಅವರ ಗೋಲಿಯ ಕೈ ತಗುಲಿತು, ಕಂಬಕ್ಕೆ ತಾಗಿತು, ಒಳಗೆ ಹೋಯಿತು. ನಾನು ಮೈದಾನದೊಳಕ್ಕೆ ನುಗ್ಗಿದ್ದಕ್ಕೆ ರೆಫ್ರಿ ನನ್ನ ಕಾಲರು ಹಿಡಿದು ಹೊರಗೆ ಬಿಟ್ಟರಂತೆ. ನನಗೆ ನೆನಪಿಲ್ಲ. ಆಮೇಲಿನ ನಿಮಿಷಗಳು ಹೇಗೆ ಕಳೆದವೋ, ಸೀಟಿ ಕೇಳಿಸಿತು. ಒಂದು ಒಂದು.

ನಮ್ಮವರು ಫಾರ್ವರ್ಡನ್ನು ಹೊತ್ತು ಕುಣಿಯುತ್ತಿದ್ದಾಗ ಕುಣಿಗಲ್ಲಿನ ಹಿರಿಯರು ಮೆಟ್ಟಿಲು ಇಳಿದು ನನ್ನ ಹತ್ತಿರ ಬಂದು ಕೈ ಕುಲುಕಿದರು. ಒಳ್ಳೆ ಆಟ ಅಂದರು. ಬಿಲ್ ಬುಕ್ಕಿನ ವಿಷಯ ತೆಗೆಯುತ್ತಾರೆಂದು ನನಗೆ ಭಯ. ಅವರು ಅದನ್ನು ತೆಗೆಯಲಿಲ್ಲ. ವ್ಯಾನು ಹತ್ತುತ್ತಿದ್ದ ಕಂಪನಿ ಹುಡುಗರ ಕಡೆ ಕೈ ತೋರಿಸಿದರು.

"ನಮ್ ಮೇಲೆ ಆಡ್ದೋರು ಇವ್ರಲ್ಲ ಕಣಪ್ಪ."

ನಾನು ತಿರುಗಿ ನೋಡಿದೆ. ಅವತ್ತು ಬಂದಿದ್ದವರೆಲ್ಲ ಹದಿನೆಂಟು ಹತ್ತೊಂಬತ್ತರ ಹೊಸಬರು. ದೊಡ್ಡ ತಂಡಕ್ಕೆ ಅದೇ ದಿನ ಬೆಂಗಳೂರಲ್ಲಿ ಪಂದ್ಯವಿತ್ತು, ಅಲ್ಲಿಗೆ ಬೇಡವಾದವರು ನಮಗೆ ಬಂದಿದ್ದರು. ಕುಣಿಗಲ್ಲಿಗೆ ಬಂದಿದ್ದವರೇ ಬೇರೆ. ಎರಡೂ ಸಲ ತಂಡದ ಹೆಸರು ಒಂದೇ, ಅಂಗಿ ಒಂದೇ, ಪತ್ರಗಳೂ ಸರಿ. ಯಾರು ಉಳಿಯಬೇಕು ಯಾರು ಹೋಗಬೇಕು ಎನ್ನುವುದು ನಮ್ಮ ಮೈದಾನದಲ್ಲಿ ತೀರ್ಮಾನವಾಗಿರಲಿಲ್ಲ. ಬೆಂಗಳೂರಿನಲ್ಲಿ ಯಾರಿಗೆ ಯಾವ ವಾರ ಮಂಡಿ ನೋಯುತ್ತಿತ್ತು ಎನ್ನುವುದರ ಮೇಲೆ ತೀರ್ಮಾನವಾಗಿತ್ತು.

ಆ ವಾರವಿಡೀ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸುತ್ತ ನಾನು ಇದನ್ನೇ ಯೋಚಿಸಿದೆ. ಆ ತಂಡದ ಎಲ್ಲ ಪಂದ್ಯಗಳನ್ನೂ ಲೆಕ್ಕದಿಂದ ತೆಗೆದರೆ ಮಾತ್ರ ಸರಿಯಾಗುತ್ತದೆ. ತೆಗೆದರೆ ಕುಣಿಗಲ್ಲಿಗೆ ಐದು ಐದಾಗಿಯೇ ಉಳಿಯುತ್ತದೆ, ಅವರು ಆ ತಂಡಕ್ಕೆ ಸೋತಿದ್ದರಲ್ಲ. ನಮ್ಮ ಒಂದು ಪಾಯಿಂಟು ಮಾತ್ರ ಹೋಗುತ್ತದೆ. ಕೊನೆಯವರು ನಾವಾಗುತ್ತೇವೆ. ಶನಿವಾರ ಭಾಯ್‌ಗೆ ಹೇಳಿದೆ. ಅವನು ಕೈಯಲ್ಲಿದ್ದ ವೆಲ್ಡಿಂಗ್ ರಾಡು ಕೆಳಗಿಟ್ಟ.

"ತಲೆ ಕೆಟ್ಟೈತೇನ್ಲಾ ನಿಂಗೆ? ಮೊದ್ಲು ನೀನ್ ಕಾಗ್ದ ಕಾಗ್ದ ಅಂತ ನಮ್ಮೋನ್ನೇ ಆಚೆ ಕೂರ್ಸ್ದೆ. ಈಗ ಊರ್ನೇ ಆಚೆ ಕೂರುಸ್ತೀಯಾ?"

ಆದರೂ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಬಿಲ್ ಬುಕ್ಕಿನ ಹಾಳೆ ಮೈದಾನದಲ್ಲೇ ಹುಟ್ಟಿದ್ದು ಎಂಬುದನ್ನೂ ಹೇಳಿದೆ. ನಾಲ್ಕನೇ ನಿಯಮ ನನ್ನ ತಪ್ಪು ಎಂದೂ ಹೇಳಿದೆ. ಪಕ್ಕದಲ್ಲಿ ಭಾಯ್ ನೆಲ ನೋಡುತ್ತ ಕೂತಿದ್ದ. ಸಂಬಳದ ತಂಡದವರು ಬಂದು ಆಡಲಿ, ಆದರೆ ಪಾಯಿಂಟು ಬೇಡ, ನಮ್ಮ ಪಟ್ಟಿಯಲ್ಲಿ ಅವರ ಹೆಸರು ಬೇಡ ಎಂದು ಮುಗಿಸಿ ಕೂತೆ. ಇನ್ನು ಗುಬ್ಬಿಯ ಹೆಸರು ಹೊಡೆಯುವುದೊಂದೇ ಬಾಕಿ ಎಂದು ಕಾಯುತ್ತಿದ್ದೆ.

ಅಷ್ಟರಲ್ಲಿ ಅರ್ಜಿ ಬರೆಯುವ ಹಿರಿಯರು ಕನ್ನಡಕ ಏರಿಸಿಕೊಂಡು ನಿಯಮದ ಹಾಳೆ ಎಳೆದುಕೊಂಡರು. "ಅವ್ರ್ನ ತೆಗುದ್ರೆ ಉಳಿಯೋದು ಎಂಟು. ಮೈದಾನ ಇರೋದು ಎಂಟಕ್ಕೆ. ಇನ್ ಯಾರ್ನ ಯಾಕಪ್ಪ ಆಚೆ ಹಾಕ್ತೀರಾ?"

ಒಂದು ವಾರ ಕೂತು ಕೂಡಿ ಕಳೆದ ಬಿ.ಕಾಂ. ಪದವೀಧರನಿಗೆ ಅದು ಹೊಳೆದಿರಲಿಲ್ಲ. ಕೈ ಎತ್ತಿಸಿದರು, ಎಲ್ಲ ಕೈ ಎದ್ದವು. ಸಭೆಗೆ ಬಂದಿದ್ದ ಕಂಪನಿಯ ಕೋಚ್ ಕೂಡ ಮುಖ ಸಪ್ಪೆ ಮಾಡಿಕೊಳ್ಳಲಿಲ್ಲ. ಪ್ರತಿ ವರ್ಷ ಲೀಗು ಶುರುವಾಗುವ ಮುಂಚೆ ಬಂದು ಒಂದೊಂದು ಸ್ನೇಹದ ಪಂದ್ಯ ಆಡುತ್ತೇವೆ ಎಂದರು, ಎರಡು ವರ್ಷ ಹಾಗೇ ಬಂದರು. ನಾಲ್ಕನೇ ನಿಯಮಕ್ಕೆ ಊರಿನವರ ಮಾತೂ ಸಾಕು ಎಂದು ಸೇರಿಸಿದೆವು.

ರಿಜಿಸ್ಟರಿನಲ್ಲಿ ಆ ವರ್ಷ ಗುಬ್ಬಿ ಎಂಟನೆಯದು, ನಾಲ್ಕು ಪಾಯಿಂಟು. ಆ ಡ್ರಾ ಎಲ್ಲೂ ಇಲ್ಲ. ಅದನ್ನು ಅಡ್ಡಗೆರೆ ಎಳೆದು ಹೊಡೆದವನೂ ನಾನೇ.

ಆ ಸಭೆ ಮುಗಿಸಿ ವಾಪಸ್ಸು ಬರುವಾಗ ಬಸ್ಸಿನಲ್ಲಿ ಭಾಯ್ ನನ್ನ ಪಕ್ಕ ಕೂರಲಿಲ್ಲ, ಮುಂದಿನ ಸೀಟಿಗೆ ಹೋದ. ತುಮಕೂರು ದಾಟಿ ಸುಮಾರು ದೂರ ಬಂದ ಮೇಲೆ ಕಂಡಕ್ಟರು, ಏನ್ ಭಾಯ್, ಬೆಂಗಳೂರಿನವರ ಮೇಲೆ ಗೋಲು ಹಾಕಿದರಂತಲ್ಲ ಎಂದು ಕೇಳಿದ. ಭಾಯ್ ಶುರು ಮಾಡಿದ. ತನ್ನ ಒದೆ ಎಷ್ಟು ಉದ್ದ ಹೋಯಿತು, ಬಾಲು ಎಲ್ಲಿ ಪುಟಿಯಿತು, ಫಾರ್ವರ್ಡ್ ಇಬ್ಬರನ್ನು ಹೇಗೆ ತಳ್ಳಿದ. ಬಸ್ಸಿನವರೆಲ್ಲ ಕಿವಿಗೊಟ್ಟರು. ಅವನು ಸೀಟು ಬಿಟ್ಟು ಎದ್ದು, ಕಂಬಿ ಹಿಡಿದು, ಫಾರ್ವರ್ಡ್ ಗೋಲು ಹೊಡೆದ ಹಾಗೆ ಬಲಗಾಲು ಬೀಸಿ ತೋರಿಸಿದ.

"ಬಲಗಾಲಲ್ಲ ಭಾಯ್, ಎಡಗಾಲು," ಎಂದೆ ಹಿಂದಿನಿಂದ.

ಅವನು ತಿರುಗಿ ನೋಡಿದ. "ನೀನೇ ಹೇಳು ಬಾ ಹಂಗಾರೆ," ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟ.