ರೇಡಿಯೇಟರಿಗೆ ಸುರಿದ ನೀರು

ನನ್ನ ಮಾವ ರಾಚಯ್ಯ ಕೆರೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಬಾಡಿಗೆ ಕಾರು ಓಡಿಸುತ್ತಾರೆ. ಹೋದ ವರ್ಷ ಅದರ ವಾಟರ್ ಪಂಪು ಸೋರತೊಡಗಿತ್ತು.

"ನಿಮ್ಮ ಗಾಡಿ ಹಸಿಗೂಸಿನಂಗ ನಿಂತಲ್ಲೆ ಒದ್ದಿ ಮಾಡತೈತಿ, ರಿಪೇರಿ ಮಾಡಸ್ರಿ," ಎಂದು ಅತ್ತೆ ಇಂದ್ರಾಬಾಯಿ ನಗುತ್ತಿದ್ದರು.

"ಮದವಿ ಸೀಜನ್ ಮುಗೀಲಿ ತಡಿ," ಎನ್ನುತ್ತಿದ್ದರು ಮಾವ.

ಒಂದು ಮಧ್ಯಾಹ್ನ ಅತ್ತೆಗೆ ಎದೆನೋವು ಬಂತು. ಅದೇ ಕಾರಿನಲ್ಲಿ ಬಾಗಲಕೋಟೆಯ ದವಾಖಾನೆಗೆ ಹೊರಟೆವು. ಅರ್ಧ ದಾರಿಯಲ್ಲಿ ಎಂಜಿನ್ ಕಾದು ಹಬೆ ಎದ್ದಿತು. ಅದು ತುಸು ಆರಿದ ಮೇಲೆ ಮಾವ, ಕುಡಿಯಲು ತಂದಿದ್ದ ನೀರನ್ನೆಲ್ಲ ರೇಡಿಯೇಟರಿಗೆ ಸುರಿದರು. ಮತ್ತೆ ಹೊರಟಾಗ ಅತ್ತೆ, "ಒಂದು ಗುಟುಕು ನೀರು ಕೊಡ್ರಿ," ಎಂದರು.

"ಇಲ್ಲೇ ಗದ್ದನಕೇರಿ ಕ್ರಾಸ್ ಬಂತು, ಕೊಡಸ್ತೇನಿ."

ಕ್ರಾಸ್ ಬರುವುದರೊಳಗೆ ನನ್ನ ತೊಡೆಯ ಮೇಲೆಯೇ ಅವರ ಜೀವ ಹೋಯಿತು.

ಈಗ ಹೊಸ ಪಂಪು ಇದೆ. ಇವತ್ತು ನನ್ನ ಮಗಳು ಗೌತಮಿಗೆ ಲಸಿಕೆ ಹಾಕಿಸಲು ಬಾಗಲಕೋಟೆಗೆ ಹೋಗುವಾಗ ಮಾವ, ಅತ್ತೆ ನೀರು ಕೇಳಿದ್ದ ಜಾಗದಲ್ಲಿ ಕಾರು ನಿಲ್ಲಿಸಿ ಬಾಟಲಿ ಚಾಚಿದರು.

"ಕೂಸಿಗೆ ನೀರು ಕುಡಸವಾ."

"ಈಗರ ಕುಡದಾಳ್ರಿ, ಮಾವಾರ."

"ಒಂದ ಗುಟುಕು."

ಗೌತಮಿಗೆ ನೀರಡಿಕೆ ಇರಲಿಲ್ಲ. ಆದರೂ ಕುಡಿಸಿದೆ. ಅವಳು ನುಂಗಿದ್ದನ್ನು ಕನ್ನಡಿಯಲ್ಲಿ ನೋಡಿದ ಮೇಲೆಯೇ ಮಾವ ಕಾರು ಚಾಲೂ ಮಾಡಿದರು.